ಕೆಂಪು ಬಾಟಲಿಯ ಯಜಮಾನ

ಅಮೆರಿಕದ ಕ್ಯಾರಿ ಊರಿನ ಆ ಮನೆಯ ಹಿತ್ತಲಲ್ಲಿ 1997ರ ಬೇಸಿಗೆಯಿಡೀ ಒಬ್ಬನದೇ ದರ್ಬಾರು. ಅವನ ಗಾತ್ರ ಹೆಬ್ಬೆರಳಷ್ಟು, ತೂಕ ಒಂದು ಅಡಿಕೆಯಷ್ಟೂ ಇರಲಿಕ್ಕಿಲ್ಲ, ಕೋಪ ಮಾತ್ರ ಮೂಗಿನ ತುದಿಯಲ್ಲೇ. ಅಡುಗೆಮನೆಯ ಕಿಟಕಿಯಾಚೆ ತೂಗುಹಾಕಿದ್ದ ಕೆಂಪು ಬಾಟಲಿಯ ಸಕ್ಕರೆನೀರಿಗೆ ಬೇರೆ ಯಾವ ಹಮ್ಮಿಂಗ್‌ಬರ್ಡ್ ಬಂದರೂ ಅವನು ಎಲ್ಲಿಂದಲೋ ಬಾಣದ ಹಾಗೆ ಬಂದು, ಎದೆಗೆ ಎದೆ ಕೊಟ್ಟು, ಚಿಟಿಚಿಟಿ ಬೈದು, ಬೇಲಿ ದಾಟಿಸಿ ಪೈನ್ ಮರಗಳಾಚೆ ಬಿಟ್ಟು ಬರುತ್ತಿದ್ದ. ಬಂದವನು ನೀರನ್ನಾದರೂ ಕುಡಿಯುತ್ತಿದ್ದನೇ? ಅದೂ ಅಷ್ಟಕ್ಕಷ್ಟೆ. ಮನೆಯ ಹಿಂದಿನ ಮರದ ಜಗಲಿಯಂಥ ಡೆಕ್ಕಿನ ಮೇಲೆ ಕಟ್ಟಿದ್ದ ಬಟ್ಟೆಯ ಹಗ್ಗದ ಮೇಲೆ ಕೂತು, ಕತ್ತು ಅತ್ತ ಇತ್ತ ತಿರುಗಿಸುತ್ತ, ಮುಂದಿನ ಕಳ್ಳನಿಗೆ ಕಾಯುತ್ತಿದ್ದ. ಕಾತ್ಯಾಯಿನಿ ಅವನಿಗೆ ಯಜಮಾನ ಎಂದು ಹೆಸರಿಟ್ಟಿದ್ದಳು.

ಮೈಸೂರಿನ ಮನೆಯ ದಾಸವಾಳಕ್ಕೆ ಬರುತ್ತಿದ್ದ ಸೂರಕ್ಕಿಗಳನ್ನು ನೋಡಿ ಬೆಳೆದವಳಿಗೆ ಇವನು ಅವುಗಳ ದೂರದ ನೆಂಟನ ಹಾಗೆ ಕಂಡರೂ, ಇಂಥ ಜಗಳಗಂಟತನವನ್ನು ಅವಳು ಯಾವ ಸೂರಕ್ಕಿಯಲ್ಲೂ ಕಂಡಿರಲಿಲ್ಲ. ಬೆಳಗಿನ ಕಾಫಿಗೆ ಒಮ್ಮೆ, ಪಾತ್ರೆ ತೊಳೆಯುವಾಗ ಒಮ್ಮೆ ನೋಡುವುದೆಂದು ಶುರುವಾದದ್ದು ಈಗ ಕಿಟಕಿಯ ಮುಂದೆ ಎತ್ತರದ ಸ್ಟೂಲ್ ಹಾಕಿಕೊಂಡು ಕೂರುವ ಮಟ್ಟಕ್ಕೆ ಬಂದಿತ್ತು. ಬೇರೇನು ಕೆಲಸ ಹೇಳಿ? ಗಂಡ ವೇಣುಗೋಪಾಲ ಸೋಮವಾರ ಬೆಳಿಗ್ಗೆ ವರ್ಜೀನಿಯಾದ ಸ್ಟರ್ಲಿಂಗಿಗೆ ಹೊರಟರೆ ಶುಕ್ರವಾರ ಸಂಜೆಯೇ ಮುಖ ತೋರಿಸುವುದು. ಎರಡು ಸಾವಿರದ ಇಸವಿ ಬರುವಷ್ಟರಲ್ಲಿ ಯಾವುದೋ ಕಂಪನಿಯ ಹಳೇ ಪ್ರೋಗ್ರಾಮುಗಳನ್ನೆಲ್ಲ ತಿದ್ದಿ ಮುಗಿಸುವ ಕೆಲಸ ಅವನದು. ಒಬ್ಬಳೇ ಮಗಳು ಹರಿಣಿ ಓದು ಮುಗಿಸಿ ಅಲ್ಲೇ ಹತ್ತಿರದ ಸೆಂಟರ್‌ವಿಲ್‌ನಲ್ಲಿ ನೌಕರಿಗೆ ಸೇರಿದ್ದಳು. ಬುಧವಾರ ಬುಧವಾರ ಅಪ್ಪ ಮಗಳು ಒಟ್ಟಿಗೆ ಊಟಕ್ಕೆ ಹೋಗುತ್ತಿದ್ದರು. ಅದನ್ನು ಫೋನಿನಲ್ಲಿ ಕೇಳಿದಾಗಲೆಲ್ಲ ಕಾತ್ಯಾಯಿನಿ ಮಾತು ಬದಲಿಸಿ ಹಕ್ಕಿಯ ಸುದ್ದಿ ತೆಗೆಯುತ್ತಿದ್ದಳು. ಅವಳಿಗೀಗ ಐವತ್ತೊಂದು. ವಾರದ ಐದು ದಿನ ಅವಳ ಜೊತೆ ಮಾತಾಡುತ್ತಿದ್ದದ್ದು ಟೀವಿ, ಬೈಸಿಕೊಳ್ಳುತ್ತಿದ್ದದ್ದು ಯಜಮಾನ.

ಆ ಹೆಸರಿನಿಂದ ಒಂದು ಫಜೀತಿಯೂ ಆಯಿತು. ಭಾನುವಾರ ಹರಿಣಿ ಫೋನ್ ಮಾಡಿದ್ದಳು.

"ಇವತ್ತು ಬೆಳಿಗ್ಗೆಯಿಂದ ಯಜಮಾನ ನಾಲ್ಕು ಜನರನ್ನ ಅಟ್ಟಿಸ್ಕೊಂಡು ಹೋಗಿ ಓಡಿಸ್ದ ಕಣೇ" ಎಂದಳು ಕಾತ್ಯಾಯಿನಿ.

"ವಾಟ್? ಅಪ್ಪ ಯಾರನ್ನ ಓಡಿಸಿದ್ರು? ಈಸ್ ಹೀ ಓಕೇ?"

"ಅಪ್ಪ ಅಲ್ವೇ. ಹಕ್ಕಿ!"

"ಓ. ದಟ್ ಬರ್ಡ್ ಅಗೇನ್. ಅಮ್ಮಾ, ಯು ಶುಡ್ ಗೆಟ್ ಔಟ್ ಮೋರ್. ವಸಂತಾ ಆಂಟಿ ಹೇಗಿದಾರೆ? ನೀನು ಅವರ ಹತ್ರ ಟಾಕ್ ಮಾಡಲ್ವಾ ಈಗ?"

"ಒಲೆ ಮೇಲೆ ಹಾಲಿಟ್ಟಿದೀನಿ, ಉಕ್ಕತ್ತೆ, ಇಡ್ತೀನಿ" ಎಂದು ಕಾತ್ಯಾಯಿನಿ ಫೋನ್ ಇಟ್ಟುಬಿಟ್ಟಳು. ಒಲೆಯ ಮೇಲೆ ಹಾಲೂ ಇರಲಿಲ್ಲ, ನೀರೂ ಇರಲಿಲ್ಲ.

ಅವಳು ಮೊದಲಿಂದಲೂ ಹೀಗೆ ಒಂಟಿ ಎಂದುಕೊಳ್ಳಬೇಡಿ. 1982ರಲ್ಲಿ ಕ್ಯಾರಿಗೆ ಬಂದಾಗ ಊರಲ್ಲಿ ಕನ್ನಡದ ಸೊಲ್ಲೆತ್ತಿದರೆ ತಿರುಗಿ ನೋಡುವವರು ಯಾರೂ ಇರಲಿಲ್ಲ, ನಿಜ. ಆಮೇಲೆ ರಿಸರ್ಚ್ ಪಾರ್ಕಿನ ಕಂಪನಿಗಳಿಗೆ ಒಬ್ಬೊಬ್ಬರೇ ಬರತೊಡಗಿದರು. ಬಂದವರು ಮೊದಲು ಕಾತ್ಯಾಯಿನಿಗೆ ಫೋನ್ ಮಾಡಬೇಕು, ಅದು ಯಾರೂ ಬರೆಯದ ಕಾನೂನು. ಕೊತ್ತಂಬರಿ ಸೊಪ್ಪು ಯಾವ ಅಂಗಡಿಯಲ್ಲಿ ಸಿಗುತ್ತದೆ, ತೊಗರಿಬೇಳೆಗೆ ಎಷ್ಟು ದೂರ ಹೋಗಬೇಕು, ಡ್ರೈವಿಂಗ್ ಟೆಸ್ಟಿನವರು ಎಲ್ಲಿ ಗಾಡಿಯನ್ನು ಹಿಂದಕ್ಕೆ ತೆಗೆಸುತ್ತಾರೆ, ಎಲ್ಲಕ್ಕೂ ಅವಳೇ ದಿಕ್ಕು. ಫೋನ್ ಮಾಡಿದವರ ಹೆಸರು ನಂಬರು ಫ್ರಿಜ್ಜಿನ ಮೇಲೆ ಅಂಟಿಸಿದ ಪಟ್ಟಿಗೆ ಸೇರುತ್ತಿತ್ತು. ಸಹಾಯವನ್ನು ಮನಸಾರೆ ಮಾಡುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾಡಿದ್ದನ್ನು ಮರೆಯುವ ಜಾಯಮಾನ ಅವಳದಲ್ಲ, ಬೇರೆಯವರನ್ನು ಮರೆಯಲು ಬಿಡುವವಳೂ ಅಲ್ಲ. ಮನೆಗೊಂದು ಅಡುಗೆ ಮಾಡಿ ತರುವ ಪಾಟ್‌ಲಕ್ ಊಟಕ್ಕೆ ಬಿಸಿಬೇಳೆಬಾತನ್ನು ಅವಳೇ ತರಬೇಕು. ಬೇರೆ ಯಾರಾದರೂ ತಂದರೆ ಒಂದು ಚಮಚ ಬಾಯಿಗಿಟ್ಟು, "ಚೆನ್ನಾಗಿದೆ, ಚಕ್ಕೆ ಒಂಚೂರು ಮುಂದಾಯ್ತು ಅಷ್ಟೆ" ಎನ್ನುವಳು. ಮುಂದಿನ ಸಲ ಆ ಹೆಂಗಸು ಮೊಸರನ್ನ ತರುತ್ತಿದ್ದಳು.

ಗೌರಿ ಹಬ್ಬವಂತೂ ಕಾತ್ಯಾಯಿನಿಯ ಮನೆಯಲ್ಲೇ. ಗೌರಿಯ ದಿನ ಮುತ್ತೈದೆಯರು ಒಬ್ಬರಿಗೊಬ್ಬರು ಬಾಗಿನ ಕೊಡಬೇಕಲ್ಲ, ಬಾಗಿನಕ್ಕೆ ಮೊರ ಬೇಕಲ್ಲ, ಬಿದಿರಿನ ಮೊರವನ್ನು ನಾರ್ತ್ ಕ್ಯಾರೊಲೈನಾದಲ್ಲಿ ಎಲ್ಲಿಂದ ತರುವುದು? ಅವಳು ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟು ಒಂದು ಜೊತೆ ಮೊರ ತಂದಿದ್ದಳು. ಇಡೀ ಊರಿಗೆ ಅದೊಂದೇ ಜೊತೆ. ಕೆಳಗಿನ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲದಚ್ಚು, ತೆಂಗಿನಕಾಯಿ, ರವಿಕೆ ಕಣ, ಬಳೆ, ಪುಟ್ಟ ಕನ್ನಡಿ; ಮೇಲೆ ಇನ್ನೊಂದು ಮೊರ ಕವುಚಿ, ಸೆರಗಿನಲ್ಲಿ ಹಿಡಿದು ಕೊಡುವುದು. ತೆಗೆದುಕೊಂಡವಳು ನೇರ ಅಡುಗೆಮನೆಗೆ ಹೋಗಿ, ಒಳಗಿದ್ದದ್ದನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ಸುರಿದುಕೊಂಡು, ಮೊರಗಳನ್ನು ಒರೆಸಿ ವಾಪಸು ತಂದಿಡಬೇಕು. ಮುಂದಿನವಳ ಬಾಗಿನ ಅದರಲ್ಲೇ. ಹದಿನಾರು ಬಾಗಿನ, ಒಂದೇ ಜೊತೆ ಮೊರ. ಕೊಟ್ಟ ಬಾಗಿನದ ಮೊರವನ್ನು ವಾಪಸು ಇಸಿದುಕೊಳ್ಳುವ ಪದ್ಧತಿ ಭೂಮಿಯ ಮೇಲೆ ಕ್ಯಾರಿಯಲ್ಲಿ ಮಾತ್ರ ಇದ್ದೀತು. "ಒಂದು ಮೊರದಲ್ಲಿ ಬಾಗಿನ ಆಗಲ್ಲ ಕಣ್ರೇ, ಜೊತೆ ಇದ್ರೇನೇ ಬಾಗಿನ. ಜೋಪಾನ!" ಎಂದು ಪ್ರತಿ ವರ್ಷ ಹೊಸಬರಿಗೆ ಪಾಠವಾಗುತ್ತಿತ್ತು.

ಆ ಪಾಠಶಾಲೆಯಲ್ಲಿ ಅವಳ ಮುದ್ದಿನ ಶಿಷ್ಯೆ ವಸಂತಾ. 1989ರಲ್ಲಿ ಗಂಡ ಕೇಶವಮೂರ್ತಿಯ ಜೊತೆ ಬಂದಾಗ ಇಪ್ಪತ್ತೊಂಬತ್ತರ ಹುಡುಗಿ. ಹೈವೇಗೆ ಗಾಡಿ ಇಳಿಸಲು ಹೆದರಿ ಅಳುತ್ತಿದ್ದವಳಿಗೆ ಪಕ್ಕದಲ್ಲಿ ಕೂತು ಬೈದು ಬೈದು ಕಲಿಸಿದವಳು ಕಾತ್ಯಾಯಿನಿ. ವಸಂತಾ ಅವಳನ್ನು ಅಕ್ಕಾ ಎಂದೇ ಕರೆಯುತ್ತಿದ್ದಳು. ಏಳು ವರ್ಷ ದಿನಕ್ಕೆ ಎರಡು ಫೋನು ತಪ್ಪಿದ್ದಿಲ್ಲ. ಕಳೆದ ವರ್ಷ ಜುಲೈಯಲ್ಲಿ ಕಾತ್ಯಾಯಿನಿಗೆ ಗರ್ಭಕೋಶದ ಆಪರೇಷನ್ ಆದಾಗ ಮೂರು ವಾರ ದಿನಾ ಸಾರು ಅನ್ನ ಮಾಡಿ ತಂದವಳು ವಸಂತಾ. ಮಲಗಿ ಮಲಗಿ ಬೇಜಾರಾಗಬಾರದೆಂದು ಆ ಕೆಂಪು ಬಾಟಲಿಯನ್ನು ತಂದು ಕಿಟಕಿಯ ಹೊರಗೆ ಕಟ್ಟಿದವಳೂ ಅವಳೇ. ಅದಕ್ಕೆ ಸಕ್ಕರೆನೀರು ಬೇಕೆಂದಾಗ ಕಾತ್ಯಾಯಿನಿ ಹಾಸಿಗೆಯಿಂದೆದ್ದು ಹದವಾಗಿ ಒಂದೆಳೆ ಪಾಕ ತೆಗೆದು, ಏಲಕ್ಕಿ ಬೇರೆ ಹಾಕಿದ್ದಳು.

"ಅಕ್ಕಾ, ಹಕ್ಕಿಗೆ ಜಾಮೂನ್ ಮಾಡ್ತಿದೀರಾ? ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರು, ಅಷ್ಟೇ!" ವಸಂತಾ ಬಿದ್ದು ಬಿದ್ದು ನಕ್ಕಿದ್ದಳು. ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾತ್ಯಾಯಿನಿಯೂ ನಕ್ಕಿದ್ದಳು. ಅವಳು ಹಾಗೆ ನಕ್ಕದ್ದು ಅದೇ ಕೊನೆ.

ಸೆಪ್ಟೆಂಬರಿನಲ್ಲಿ ಗೌರಿ ಹಬ್ಬ ಬಂತು. "ಭಾರ ಎತ್ತಬೇಡಿ ಅಂದಿದಾರಲ್ಲ ಡಾಕ್ಟ್ರು. ಈ ಸಲ ಎಲ್ಲರನ್ನೂ ನಮ್ಮನೇಗೆ ಕರೀತೀನಿ ಅಕ್ಕಾ. ನೀವು ಬಂದು ಸುಮ್ನೆ ಕೂತ್ಕೊಂಡು ಬಾಗಿನ ತೊಗೊಳ್ಳಿ. ಮೊರ ಮಾತ್ರ ಕೊಟ್ಟಿರಿ" ಎಂದಳು ವಸಂತಾ. ಆ ಮಾತಿನಲ್ಲಿ ಅಕ್ಕರೆ ಬಿಟ್ಟು ಬೇರೇನೂ ಇರಲಿಲ್ಲ. ಕಾತ್ಯಾಯಿನಿಗೆ ಕೇಳಿಸಿದ್ದೇ ಬೇರೆ: ಹಬ್ಬ ಹೋಯಿತು, ಮೊರ ಹೋಯಿತು, ಊರೇ ಕೈಬಿಟ್ಟು ಹೋಯಿತು. "ಮೊರ ಮನೆ ಹೊಸ್ತಿಲು ದಾಟಬಾರದು" ಎಂದುಬಿಟ್ಟಳು. ಅಂಥ ಶಾಸ್ತ್ರ ಯಾವ ಊರಲ್ಲೂ ಇಲ್ಲ, ಅವಳೇ ಆ ಗಳಿಗೆಯಲ್ಲಿ ಹುಟ್ಟಿಸಿದ್ದು. ವಸಂತಾ ಪಾಪ, ಯಾವುದೋ ಅಂಗಡಿಯಿಂದ ಬೆತ್ತದ ಬುಟ್ಟಿಗಳನ್ನು ತಂದು, ಅರಿಸಿನ ಬಳಿದು, ನಾಲ್ಕು ದಿಕ್ಕಿಗೂ ಕುಂಕುಮವಿಟ್ಟು ಎಲ್ಲರಿಗೂ ಬಾಗಿನ ಕೊಟ್ಟಳು. ಹಬ್ಬ ಭರ್ಜರಿಯಾಯಿತಂತೆ. ಕಾತ್ಯಾಯಿನಿ ಹೋಗಲಿಲ್ಲ. ಸಂಜೆ ವಸಂತಾ ಹಸಿರು ರೇಷ್ಮೆ ಸೀರೆಯುಟ್ಟು, ಬುಟ್ಟಿ ಹಿಡಿದು ಅವಳ ಬಾಗಿಲಿಗೇ ಬಂದಳು.

"ನಾನು ಕಲಿಸಿದ್ದನ್ನ ನಂಗೇ ಒಪ್ಪಿಸಕ್ಕೆ ಬಂದ್ಯಾ? ನಿನ್ನ ಬಾಗಿನ ನಂಗೆ ಬೇಡ" ಎಂದು ಕಾತ್ಯಾಯಿನಿ ಧಡಾರನೆ ಬಾಗಿಲು ಹಾಕಿಕೊಂಡು, ಒಳಗೆ ಹೋಗಿ ಟೀವಿ ಜೋರು ಮಾಡಿ ಕೂತಳು.

ಗೌರಿಯ ಬಾಗಿನವನ್ನು ಬೇಡವೆನ್ನುವವರುಂಟೇ? ಆಗದವಳು ಕೊಟ್ಟರೂ ಸೆರಗೊಡ್ಡಿ ತೆಗೆದುಕೊಳ್ಳುತ್ತಾರೆ. ತಪ್ಪು ಮಾಡಿದೆನೆಂದು ಅವಳಿಗೆ ಬಾಗಿಲು ಹಾಕಿದ ಮರುಕ್ಷಣವೇ ಗೊತ್ತಾಗಿತ್ತು. ಗೊತ್ತಾದರೇನು, ಹೋಗಿ ಹೇಳಬೇಕಲ್ಲ? ಇವತ್ತು ನಾಳೆ ಎನ್ನುತ್ತ ಒಂದು ವರ್ಷ ಕಳೆಯಿತು. ಊರಿನ ಫೋನುಗಳೆಲ್ಲ ನಿಧಾನಕ್ಕೆ ವಸಂತಾಳ ಮನೆಯತ್ತ ತಿರುಗಿದವು. ಹೊಸಬರು ಈಗ ಕೊತ್ತಂಬರಿ ಸೊಪ್ಪಿಗೆ ಅವಳನ್ನೇ ಕೇಳುತ್ತಿದ್ದರು.

ಈ ವರ್ಷ ಗೌರಿ ಸೆಪ್ಟೆಂಬರಿನ ಮೊದಲ ಶುಕ್ರವಾರ ಬಿದ್ದಿತ್ತು. ಅದಕ್ಕೆ ಮೂರು ದಿನ ಮುಂಚೆ, ಮಂಗಳವಾರ, ಕಾತ್ಯಾಯಿನಿಯ ಫೋನ್ ಬಡಿದುಕೊಂಡಿತು. ಮಾತಾಡಿದವಳು ಪ್ರತಿಭಾ, ಧಾರವಾಡದ ಕಡೆಯವಳು, ಫ್ರಿಜ್ಜಿನ ಮೇಲಿನ ಪಟ್ಟಿಯ ಕಟ್ಟಕಡೆಯ ಹೆಸರು.

"ಅಕ್ಕಾರ, ಈ ಸರ್ತಿ ಗೌರಿ ಹಬ್ಬ ನಿಮ್ಮ ಮನ್ಯಾಗ ಅದನ್ರಿ? ವಸಂತಕ್ಕಾರ ಮನ್ಯಾಗಂತೂ ಇಲ್ಲ ನೋಡ್ರಿ. ಅವರು ಅಟ್ಲಾಂಟಾಕ್ಕ ಹೊಂಟಾರಲ್ರಿ, ಅವರ ಮನಿಯವರಿಗೆ ಅಲ್ಲೇ ಕೆಲಸ ಸಿಕ್ಕದಂತ. ಶನಿವಾರ ಮುಂಜಾನೆ ಟ್ರಕ್ ಬಿಡತದ. ನಿಮಗ ಹೇಳ್ಯಾರಲ್ರೀ?"

"ಹೂಂ... ಹೇಳಿದಾಳೆ" ಎಂದಳು ಕಾತ್ಯಾಯಿನಿ.

"ಮತ್ತ ನಾವೆಲ್ಲಾ ನಿಮ್ಮ ಮನೀಗೇ ಬರೂಣನ್ರಿ?"

ನೋಡಿ, ಊರು ತಾನಾಗಿಯೇ ವಾಪಸು ಅವಳ ಕೈಗೆ ಬಂದಿತ್ತು. ಹಬ್ಬವೂ ಬಂತು, ಮೊರಕ್ಕೂ ಮರ್ಯಾದೆ ಬಂತು, ಎದುರಾಳಿ ಗಂಟುಮೂಟೆ ಕಟ್ಟಿಯಾಗಿತ್ತು. ಕುಣಿದಾಡಬೇಕಾದ ಹೊತ್ತಿನಲ್ಲಿ ಕಾತ್ಯಾಯಿನಿ ಸ್ಟೂಲಿನ ಮೇಲೆ ಕೂತುಬಿಟ್ಟಳು. "ಯಾರ ಮನೇಲಾದ್ರೂ ಮಾಡ್ಕೊಳಿ ಪ್ರತಿಭಾ. ನಂಗೆ ಮೈ ಸರಿಯಿಲ್ಲ" ಎಂದಳು. ಶನಿವಾರವಾದ ಮೇಲೆ ವಸಂತಾ ಇರುವುದಿಲ್ಲ. ಒಂದು ವರ್ಷದಿಂದ ಹದಿನೈದು ನಿಮಿಷದ ದೂರದಲ್ಲಿದ್ದಾಳೆ, ನಾಳೆ ಹೋದರಾಯಿತು ಎಂದುಕೊಂಡೇ ಇದ್ದಳಲ್ಲ, ಈಗ ಆ ನಾಳೆಗೆ ಮೂರೇ ದಿನ ಉಳಿದಿತ್ತು. ಅವತ್ತೂ ಮರುದಿನವೂ ಮೂರು ಮೂರು ಸಲ ವಸಂತಾಳ ನಂಬರಿನ ಕೊನೆಯ ಅಂಕಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಒತ್ತಿ ಫೋನ್ ಇಟ್ಟಳು.

ಗುರುವಾರ ಬೆಳಿಗ್ಗೆ ಪಕ್ಕದ ಮನೆಯ ಡಾರ್ಲೀನ್ ತೋಟದ ಟೊಮೇಟೊ ಹಿಡಿದುಕೊಂಡು ಡೆಕ್ಕಿಗೆ ಬಂದಳು. ಎಪ್ಪತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡು ಹತ್ತು ವರ್ಷ, ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಅವಳು ಬಂದ ಹೊತ್ತಿಗೆ ಸರಿಯಾಗಿ ಯಜಮಾನ ಇನ್ನೊಂದು ಬಡಪಾಯಿಯನ್ನು ಬೇಲಿಯಾಚೆ ಅಟ್ಟುತ್ತಿದ್ದ.

"ನೋಡಿದೆಯಾ ಅವನ ದರ್ಪ? ಯಾರನ್ನೂ ಹತ್ತಿರ ಬಿಡೋದಿಲ್ಲ" ಎಂದಳು ಕಾತ್ಯಾಯಿನಿ ಇಂಗ್ಲಿಷಿನಲ್ಲಿ.

ಡಾರ್ಲೀನ್ ನಕ್ಕಳು. "ಅವನಲ್ಲ ಹನೀ, ಅವಳು."

"ಅವಳೇ?"

"ಗಂಡಿಗೆ ಕತ್ತಿನ ಕೆಳಗೆ ಮಾಣಿಕ್ಯದಂಥ ಕೆಂಪು ಇರುತ್ತದೆ. ಇವಳಿಗೆಲ್ಲಿದೆ? ಬೆಳ್ಳಗಿದೆ. ಗಂಡುಗಳೆಲ್ಲ ಆಗಸ್ಟಿನಲ್ಲೇ ದಕ್ಷಿಣಕ್ಕೆ ಹೊರಟವು. ಬಾಲದಲ್ಲಿ ಒಂದು ಗರಿ ಮುರಿದಿದೆ ನೋಡು, ನನಗೆ ಇವಳ ಗುರುತಿದೆ. ಜೂನ್‌ನಲ್ಲಿ ನನ್ನ ಓಕ್ ಮರದಲ್ಲಿ ಗೂಡು ಕಟ್ಟಿ ಎರಡು ಮರಿ ಮಾಡಿದ್ದಳು. ಒಬ್ಬಳೇ ಸಾಕಿದಳು, ಇವುಗಳಲ್ಲಿ ಅಪ್ಪಂದಿರು ಆ ಕಡೆ ತಲೆ ಹಾಕುವುದಿಲ್ಲ." ಡಾರ್ಲೀನ್ ಬೇಲಿಯತ್ತ ಕೈ ತೋರಿಸಿದಳು. "ಈಗ ಓಡಿಸಿದ್ದು ಅವಳ ಮರಿಯನ್ನೇ ಇದ್ದರೂ ಇರಬಹುದು. ದೊಡ್ಡದಾದ ಮೇಲೆ ಅದೂ ಒಂದು ಕಳ್ಳಹಕ್ಕಿ, ಅಷ್ಟೆ."

"ಬಾಟಲಿ ತುಂಬ ನೀರಿದೆಯಲ್ಲ! ಎಲ್ಲರಿಗೂ ಸಾಕಾಗಿ ಮಿಗುತ್ತದೆ."

"ಅದು ನಿನಗೆ ಗೊತ್ತು. ಅವಳಿಗೆ ಗೊತ್ತಿಲ್ಲ. ಮನೆಯ ಮುಂದುಗಡೆ, ಇದು ಕಾಣದ ಕಡೆ, ಇನ್ನೊಂದು ಬಾಟಲಿ ಕಟ್ಟು. ಎರಡನ್ನೂ ಕಾಯುವುದು ಅವಳ ಕೈಲಾಗುವುದಿಲ್ಲ, ಕೊನೆಗೆ ಸೋತು ಸುಮ್ಮನಾಗುತ್ತಾಳೆ."

ಕಾತ್ಯಾಯಿನಿ ಹಗ್ಗದ ಮೇಲೆ ಬಂದು ಕೂತ ಹಕ್ಕಿಯನ್ನು ನೋಡಿದಳು. ಬೇಸಿಗೆಯಿಡೀ ಅವನ ಸೊಕ್ಕು, ಅವನ ಗಂಡಸುತನ ಎಂದು ಬೈದುಕೊಂಡದ್ದೆಲ್ಲ ಈಗ ಹೋಗಿ ಯಾರ ಮೇಲೆ ಬಿತ್ತೆಂದು ಯೋಚಿಸುವ ಗೋಜಿಗೆ ಹೋಗದೆ, ಬೇಗನೆ ಕಣ್ಣು ತೆಗೆದು ಟೊಮೇಟೊ ಬುಟ್ಟಿಗೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು. ಬೆತ್ತದ ಬುಟ್ಟಿ. ಅಂಚಿನ ಸಂದುಗಳಲ್ಲಿ ಇನ್ನೂ ಹಳದಿ. ನಾಲ್ಕು ದಿಕ್ಕಿಗೂ ಮಾಸಿದ ಕುಂಕುಮದ ಬೊಟ್ಟು.

"ಇದು ನಿನಗೆ ಎಲ್ಲಿ ಸಿಕ್ಕಿತು ಡಾರ್ಲೀನ್?"

"ಇದಾ? ಹೋದ ವರ್ಷ ನಿನ್ನ ಗೆಳತಿ ಕೊಟ್ಟಳಲ್ಲ, ಹಸಿರು ಸೀರೆಯವಳು. ನಿನ್ನ ಮನೆಯ ಮುಂದೆ ಒಂದು ಗಂಟೆ ಕಾರಿನಲ್ಲಿ ಕೂತು ಅಳುತ್ತಿದ್ದಳು. ನಾನೇ ಹೋಗಿ ಗಾಜು ತಟ್ಟಿದೆ. ಇದನ್ನು ವಾಪಸು ಮನೆಗೆ ಒಯ್ಯಬಾರದು, ಯಾರಾದರೂ ಹೆಂಗಸು ತೆಗೆದುಕೊಳ್ಳಬೇಕು ಅಂದಳು. ಸರಿ, ನಾನೂ ಹೆಂಗಸೇ ಅಲ್ಲವೇ ಅಂತ ತೆಗೆದುಕೊಂಡೆ. ಬಳೆ ನನ್ನ ಕೈಗೆ ಹಿಡಿಸಲಿಲ್ಲ. ಕನ್ನಡಿ ಬಾತ್‌ರೂಮಿನಲ್ಲಿದೆ. ಅವಳು ನಿನಗೆ ಹೇಳಲಿಲ್ಲವೇ?"

ಕಾತ್ಯಾಯಿನಿಗೆ ಮೈಯೆಲ್ಲ ನಾಚಿಕೆಯಾಯಿತು. ಶಾಸ್ತ್ರ ಸಂಪ್ರದಾಯದ ಗಂಧವಿಲ್ಲದ, ಗಂಡ ಸತ್ತ ಡಾರ್ಲೀನ್ ಗೌರಿಯ ಬಾಗಿನಕ್ಕೆ ಎರಡೂ ಕೈ ಒಡ್ಡಿದ್ದಳು. ಊರಿಗೆಲ್ಲ ಪಾಠ ಹೇಳುವ ತಾನು ಒಳಗೆ ಕೂತು ಟೀವಿಯ ಸದ್ದು ಏರಿಸುತ್ತಿದ್ದಳು. ಆ ಒಂದು ಗಂಟೆಯಲ್ಲಿ ಒಂದು ಸಲ, ಒಂದೇ ಒಂದು ಸಲ ಬಾಗಿಲು ತೆಗೆದಿದ್ದರೆ ಆಗುತ್ತಿತ್ತು. ಡಾರ್ಲೀನ್ ಹೋದ ಮೇಲೆ ಅವಳು ಸಿಂಕಿನ ಮುಂದೆ ನಿಂತು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಇನ್ನೊಂದು ಬಾಟಲಿ ಕೊಂಡು ತಂದು ಮನೆಯ ಮುಂದುಗಡೆ ಕಟ್ಟಿದಳು.

ಶುಕ್ರವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಅರಿಸಿನದ ಗೌರಿಗೆ ಒಬ್ಬಳೇ ಪೂಜೆ ಮಾಡಿ, ಕಪಾಟಿನಿಂದ ಮೊರ ಇಳಿಸಿದಳು. ಅಕ್ಕಿ, ಬೇಳೆ, ಬೆಲ್ಲ ಒಂದೊಂದಾಗಿ ಇಟ್ಟಳು. ವಸಂತಾಳ ಕೈಯ ಅಳತೆ ಅವಳಿಗೆ ಗೊತ್ತಿತ್ತು, ಆ ಅಳತೆಯ ಹಸಿರು ಬಳೆ ಇಟ್ಟಳು. ಹೊಸ್ತಿಲು ದಾಟಬಾರದ ಮೊರ ಹೊಸ್ತಿಲು ದಾಟಿ ಕಾರಿನ ಮುಂದಿನ ಸೀಟಿನಲ್ಲಿ ಕೂತಿತು. ಅಲ್ಲಾಡದಿರಲಿ ಎಂದು ಸೀಟ್‌ಬೆಲ್ಟನ್ನೂ ಹಾಕಿದಳು.

ವಸಂತಾಳ ಮನೆಯ ಮುಂದೆ ಟ್ರಕ್ ನಿಂತಿತ್ತು. ಪೆಟ್ಟಿಗೆ ಏರಿಸುತ್ತಿದ್ದ ಕೇಶವಮೂರ್ತಿ ಇವಳನ್ನು ಕಂಡು, "ಓ... ಬನ್ನಿ, ಬನ್ನಿ. ಒಳಗಿದಾಳೆ" ಎಂದು ಹೇಳಿ, ಆಗಲೇ ಕಟ್ಟಿದ್ದ ಹಗ್ಗವನ್ನೇ ಮತ್ತೊಮ್ಮೆ ಬಿಗಿಯತೊಡಗಿದ. ಒಳಗೆ ಬೋಳು ಗೋಡೆ, ಪೆಟ್ಟಿಗೆಗಳ ಸಾಲು. ಜೀನ್ಸ್ ತೊಟ್ಟು, ಕೂದಲನ್ನು ಎತ್ತಿ ಕಟ್ಟಿ, ಕೈಯಲ್ಲಿ ಟೇಪಿನ ಸುರುಳಿ ಹಿಡಿದು ವಸಂತಾ ನಿಂತಿದ್ದಳು. ಹಣೆಯಲ್ಲಿ ಕುಂಕುಮವಿತ್ತು.

"ಬನ್ನಿ ಕಾತ್ಯಾಯಿನಿಯವ್ರೇ" ಎಂದಳು. ಅಕ್ಕ ಎನ್ನಲಿಲ್ಲ. "ಕೂರಿ ಅನ್ನಕ್ಕೆ ಕುರ್ಚಿ ಇಲ್ಲ, ಎಲ್ಲಾ ಪ್ಯಾಕ್ ಆಗಿದೆ."

"ಕೂರಲ್ಲ. ಬಾಗಿನ ಕೊಡಕ್ಕೆ ಬಂದೆ."

ವಸಂತಾ ಮೊರವನ್ನೂ ಅವಳನ್ನೂ ನೋಡಿದಳು. "ಬೇಡ ಅಂದ್ರೆ?"

"ಬೇಡ ಅಂದ್ರೆ ನಿನ್ನ ಮನೆ ಮುಂದೆ ಕಾರಲ್ಲಿ ಕೂತಿರ್ತೀನಿ. ಒಂದು ಗಂಟೆ."

ವಸಂತಾಳ ಕೈಯಿಂದ ಟೇಪು ಜಾರಿ ಪೆಟ್ಟಿಗೆಯ ಮೇಲೆ ಬಿತ್ತು. "ಡಾರ್ಲೀನ್ ಹೇಳಿದ್ರಾ?"

"ಆ ಬುಟ್ಟೀಲಿ ನಿನ್ನೆ ಟೊಮೇಟೊ ತಂದ್ಲು." ಕಾತ್ಯಾಯಿನಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ದೊಡ್ಡ ಮಾತುಗಳೆಲ್ಲ ಎಲ್ಲಿ ಹೋದವೋ. "ತಪ್ಪಾಯ್ತು ವಸಂತಾ. ಅವತ್ತು ನೀನು ನನ್ನ ಜಾಗ ಕಿತ್ಕೋತಿದೀಯ ಅನ್ನಿಸ್ತು. ಈಗ ಜಾಗವೆಲ್ಲಾ ನಂದೇ. ಒಬ್ಬಳೇ ಕೂತಿದೀನಿ."

"ಆ ಬಾಗಿಲಿನ ಸದ್ದು ನಂಗೆ ಈಗಲೂ ಕೇಳ್ಸತ್ತೆ."

"ನಂಗೂ."

ಆಮೇಲೆ ವಸಂತಾ ಕೈ ತೊಳೆದು ಬಂದಳು. ಜೀನ್ಸಿಗೆ ಸೆರಗೆಲ್ಲಿಯದು? ಲೋಟಗಳಿಗೆ ಸುತ್ತಲೆಂದು ತೆಗೆದಿಟ್ಟಿದ್ದ ಟವೆಲೊಂದನ್ನು ಹೆಗಲ ಮೇಲೆ ಹಾಕಿಕೊಂಡು, ಅದರ ತುದಿ ಹಿಡಿದು ಮುಂದೆ ಚಾಚಿದಳು. ಕಾತ್ಯಾಯಿನಿ ತನ್ನ ಸೆರಗಿನಲ್ಲಿ ಹಿಡಿದಿದ್ದ ಮೊರವನ್ನು ಅದರ ಮೇಲಿಟ್ಟಳು.

ಬಾಗಿನ ತೆಗೆದುಕೊಂಡ ವಸಂತಾ ಅಭ್ಯಾಸಬಲದಿಂದ ನೇರ ಅಡುಗೆಮನೆಗೆ ನಡೆದಳು. ಒಳಗಿದ್ದದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಬಳೆಯನ್ನು ಮಾತ್ರ ಕೈಗೆ ಏರಿಸಿಕೊಂಡು, ಮೊರಗಳನ್ನು ಟವೆಲಿನಲ್ಲಿ ಒರೆಸಿದಳು.

"ಬೇಡ ವಸಂತಾ. ಎರಡೂ ನೀನೇ ಇಟ್ಕೋ" ಎಂದಳು ಹಿಂದೆ ಬಂದ ಕಾತ್ಯಾಯಿನಿ.

"ಊರಿಗೆ ಇರೋದು ಇದೊಂದೇ ಜೊತೆ."

"ಇರ್ಲಿ. ನನ್ನ ಹತ್ರ ಬಾಗಿನ ತೊಗೊಳ್ಳೋರು ಯಾರಿದಾರೆ ಈ ಊರಲ್ಲಿ?"

ವಸಂತಾ ಒಂದು ಮೊರವನ್ನು ತೆರೆದಿದ್ದ ಪೆಟ್ಟಿಗೆಯೊಳಗೆ, ಬಟ್ಟೆಗಳ ಮೇಲೆ ಇಟ್ಟಳು. ಇನ್ನೊಂದನ್ನು ಕಾತ್ಯಾಯಿನಿಯ ಕೈಗೆ ಕೊಟ್ಟಳು. "ಒಂದು ನಿಮ್ಮ ಹತ್ರ ಇರ್ಲಿ."

"ಅಯ್ಯೋ, ಒಂದು ಮೊರದಲ್ಲಿ..." ಎಂದು ಶುರುಮಾಡಿದ ಕಾತ್ಯಾಯಿನಿ ಬಾಯಿ ಮುಚ್ಚಿಕೊಂಡಳು.

"ಗೊತ್ತು" ಎಂದಳು ವಸಂತಾ. "ನೀವೇ ಹೇಳ್ಕೊಟ್ಟಿದ್ದಲ್ವಾ."

ಅಷ್ಟರಲ್ಲಿ ಹೊರಗಿನಿಂದ ಕೇಶವಮೂರ್ತಿ ಕೂಗಿದ. ವಸಂತಾ ಅವಳ ಹಣೆಗೆ ಕುಂಕುಮವಿಟ್ಟು, ಬಾಗಿಲವರೆಗೆ ಬಂದು ನಿಂತಳು. ಅಟ್ಲಾಂಟಾದ ನಂಬರು ಕೊಡಲಿಲ್ಲ, ಕೊನೆಯವರೆಗೂ ಅಕ್ಕ ಎನ್ನಲೂ ಇಲ್ಲ. ಜೊತೆ ಮುರಿದು ಕೈಗೆ ಕೊಟ್ಟಳೋ, ಎಂದಾದರೂ ಮತ್ತೆ ಜೊತೆಗೂಡಿಸಲೇಬೇಕೆಂಬ ಕಟ್ಟು ಹಾಕಿ ಕಳಿಸಿದಳೋ ಕಾತ್ಯಾಯಿನಿಗೆ ತಿಳಿಯಲಿಲ್ಲ. ಅವಳು ಒಂಟಿ ಮೊರವನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ನಿಧಾನವಾಗಿ ಮನೆಗೆ ಬಂದಳು.

ಶನಿವಾರ ಟ್ರಕ್ ಹೋಯಿತು. ಬಾಟಲಿ ಎರಡಾದ ಮೇಲೆ ಹಿತ್ತಲಿನ ಯಜಮಾನಿ ಒಂದು ವಾರ ಹಿಂದಕ್ಕೂ ಮುಂದಕ್ಕೂ ಹಾರಾಡಿ ಸುಸ್ತಾಗಿ, ಕೊನೆಗೆ ಹಗ್ಗದ ಮೇಲೆ ಕೂರುವುದನ್ನೇ ಬಿಟ್ಟಳು. ಬೇರೆ ಹಕ್ಕಿಗಳು ಬಂದು ಕುಡಿದು ಹೋದವು, ಅವಳೂ ಕುಡಿದಳು. ತಿಂಗಳ ಕೊನೆಯ ಭಾನುವಾರದ ಬೆಳಿಗ್ಗೆ ಅವಳೂ ಇರಲಿಲ್ಲ. ಬಾಟಲಿ ತೆಗೆಯಬೇಡ, ಉತ್ತರದಿಂದ ತಡವಾಗಿ ಹೊರಟ ಹಕ್ಕಿಗಳು ದಾರಿಯಲ್ಲಿ ಬಂದಾವು ಎಂದು ಡಾರ್ಲೀನ್ ಹೇಳಿದ್ದರಿಂದ ಕಾತ್ಯಾಯಿನಿ ಒಂದಕ್ಕೆ ನಾಲ್ಕರಂತೆ ಹೊಸ ಸಕ್ಕರೆನೀರು ಮಾಡಿ ತುಂಬಿದಳು. ಯಾವುದೋ ಪರವೂರಿನ ಹಕ್ಕಿಯೊಂದು ಬಂದು ಬಹಳ ಹೊತ್ತು ಕುಡಿಯಿತು. ಓಡಿಸುವವರು ಯಾರೂ ಇರಲಿಲ್ಲ. ಬೈಯುವವರಿಲ್ಲದ ಆ ಹಿತ್ತಲು ಅವಳಿಗೆ ನೋಡಲಾಗದಷ್ಟು ಖಾಲಿ ಎನಿಸಿತು. ಕಿಟಕಿಯ ಪಕ್ಕದ ಮೊಳೆಯಲ್ಲಿ ಮೊರ ತೂಗುತ್ತಿತ್ತು.

"ರೀ, ಅಟ್ಲಾಂಟಾಕ್ಕೆ ಎಷ್ಟು ಗಂಟೆ ಡ್ರೈವು?" ಎಂದು ಕೇಳಿದಳು.

ಪೇಪರ್ ಓದುತ್ತಿದ್ದ ವೇಣುಗೋಪಾಲ ತಲೆಯೆತ್ತಲಿಲ್ಲ. "ಆರು ಗಂಟೆ ಆಗತ್ತೆ. ಯಾಕೆ?"

"ನಮ್ಮ ಮೊರ ಒಂದು ಅಲ್ಲಿದೆ."

"ಅಡ್ರೆಸ್ ಇದೆಯಾ?"

"ಇಲ್ಲ. ಕೇಳ್ಬೇಕು."

ಅವಳು ಫ್ರಿಜ್ಜಿನ ಮುಂದೆ ನಿಂತು ಪಟ್ಟಿಯ ಮೇಲೆ ಬೆರಳಾಡಿಸಿದಳು. ಬೆರಳು ಕಟ್ಟಕಡೆಯ ಹೆಸರಿಗೆ ಬಂದು ನಿಂತಿತು. ಈ ಸಲ ಕೊನೆಯ ಅಂಕಿಯನ್ನೂ ಒತ್ತಿದಳು. "ಪ್ರತಿಭಾ, ನಾನು ಕಾತ್ಯಾಯಿನಿ. ನಂಗೊಂದು ಸಹಾಯ ಆಗ್ಬೇಕಿತ್ತು" ಎಂದಳು. ಹದಿನೈದು ವರ್ಷದಲ್ಲಿ ಆ ಪಟ್ಟಿಯ ಒಂದು ನಂಬರಿಗೆ ಅವಳು ಏನನ್ನಾದರೂ ಕೇಳುವುದಕ್ಕೆಂದು ಫೋನ್ ಮಾಡಿದ್ದು ಅದೇ ಮೊದಲು.